ಕಸಿ

ರೋಣೂರು ಕ್ರಾಸಿನ ಆಚೆ, ಹಸಿರು ಪರದೆಯ ನೆರಳಲ್ಲಿ
ಗೋಣಿ ಹಾಸಿಕೊಂಡು ಕೂತಿದ್ದರು ಪ್ಯಾರೇಜಾನ್ ಸಾಬರು.
ಬಲಕ್ಕೆ, ಬಕೆಟ್ಟಿನಲ್ಲಿ ಒದ್ದೆ ಬಟ್ಟೆ ಸುತ್ತಿದ ಬಾದಾಮಿ ಕಡ್ಡಿ.
ಎಡಕ್ಕೆ, ಕಪ್ಪು ಚೀಲಗಳಲ್ಲಿ ಹೆಸರಿಲ್ಲದ ಗಿಡಗಳು:
ಜ್ಯೂಸ್ ಫ್ಯಾಕ್ಟರಿ ಹಿಂದಿನ ತಿಪ್ಪೆಯಿಂದ
ಲೋಡುಗಟ್ಟಲೆ ತಂದ ವಾಟೆಗಳ ಮಕ್ಕಳು.

ನಾನು ಹೋದದ್ದು ಗಿಡಕ್ಕಲ್ಲ.
ಹಿಂದಿನ ದಿನ ಕೋಲಾರದಲ್ಲಿ, ಕವಿಗೋಷ್ಠಿಯಲ್ಲಿ,
ನನ್ನ ಹದಿನೇಳು ಸಾಲು ಮುಗಿದ ಮೇಲೆ
ಅಧ್ಯಕ್ಷರು ಕನ್ನಡಕ ಒರೆಸುತ್ತ ಅಂದಿದ್ದರು:
"ಚೆನ್ನಾಗಿದೆ ತಾಯಿ. ಎಲ್ಲೋ ಕೇಳಿದ ಹಾಗಿದೆ."
ಸಭೆ ನಕ್ಕಿತು. ಉಪ್ಪಿಟ್ಟು ಬಂತು.
ನನಗೆ ರವೆ ಗಂಟಲಲ್ಲಿ ಇಳಿಯಲಿಲ್ಲ.

ರಾತ್ರಿ ಕೂತು ಸಾಲುಗಳನ್ನು ಅಕ್ಕಿಯ ಹಾಗೆ ಜಾಲಿಸಿದೆ.
ಈ ಲಯ, ಅಜ್ಜಿ ಮುದ್ದೆ ತಿರುವುತ್ತ ಬೈಯುತ್ತಿದ್ದದ್ದು.
ಈ ಮೌನ, ಏಳನೇ ಕ್ಲಾಸಿನ ಮೇಷ್ಟ್ರು ಕೊನೆಯ ಪದಕ್ಕೆ ಮುಂಚೆ
ಸೀಮೆಸುಣ್ಣ ಎತ್ತಿ ನಿಲ್ಲುತ್ತಿದ್ದದ್ದು.
ಈ ಉಪಮೆ, ಬಸ್ಸಿನಲ್ಲಿ ಪಕ್ಕದ ಹೆಂಗಸು ಮಗುವಿಗೆ
ತೆಲುಗಿನಲ್ಲಿ ಹೇಳುತ್ತಿದ್ದದ್ದು;
ನಾನದನ್ನು ಕನ್ನಡಕ್ಕೆ ಹತ್ತಿಸಿಕೊಂಡೆ, ಟಿಕೆಟ್ಟು ಕೊಡಿಸದೆ.
ನನ್ನದು ಎನ್ನಲು ಉಳಿದದ್ದು
ಒಂದು ಅಲ್ಪವಿರಾಮ. ಅದೂ ತಪ್ಪು ಜಾಗದಲ್ಲಿ.

ಕಸಿ ಎಂದರೆ ಕಟ್ಟುವುದು.
ಕಸಿ ಎಂದರೆ ಕಿತ್ತುಕೊಳ್ಳುವುದು.
ಎರಡಕ್ಕೂ ಒಂದೇ ಮಾತು ಸಾಕೆಂದಿದೆ ಕನ್ನಡ,
ಈವರೆಗೆ ಯಾರೂ ದೂರು ಕೊಟ್ಟಿಲ್ಲ.

ಸಾಬರ ಬೆರಳು ನೋಡುತ್ತ ನಿಂತೆ.
ಗಿಡದ ತಲೆ ಹಾರಿಸಿ, ನಡುವೆ ಸೀಳಿ,
ಕಡ್ಡಿಯ ಬುಡವನ್ನು ಎರಡೂ ಕಡೆ ಚೂಪು ಮಾಡಿ,
ತೊಗಟೆಗೆ ತೊಗಟೆ ತಾಗುವ ಹಾಗೆ ಕೂರಿಸಿ
ಪ್ಲಾಸ್ಟಿಕ್ ಪಟ್ಟಿ ಸುತ್ತಿ, ತುದಿ ಹಲ್ಲಲ್ಲಿ ಹಿಡಿದು ಗಂಟು.
ದಿನಕ್ಕೆ ಮುನ್ನೂರು.
"ಇವೆಲ್ಲ ಒಂದೇ ಮರದ ನಕಲು ಅಲ್ವಾ ಸಾಬ್ರೇ?"
"ಮತ್ತೆ? ಬಾದಾಮಿ ಅಂತ ದುಡ್ಡು ಕೊಟ್ಟೋನಿಗೆ
ಬಾದಾಮೀನೇ ಬರಬೇಕಲ್ಲ ಟೀಚರಮ್ಮ."

"ಹಂಗಾದ್ರೆ ಅಸಲು ಯಾವುದು?"
ಚಾಕುವಿನ ತುದಿಯಿಂದ ಬೇಲಿ ತೋರಿಸಿದರು.
ಯಾರೋ ಚೀಪಿ ಎಸೆದ ವಾಟೆಯಿಂದ ಎದ್ದ ಮರ.
ಅಪ್ಪನ ಹಾಗಿಲ್ಲ, ಅವ್ವನ ಹಾಗಿಲ್ಲ,
ಹಣ್ಣು ನಿಂಬೆಗಿಂತ ಹುಳಿ, ಬರೀ ನಾರು.
"ಅದು ಪೂರಾ ಸ್ವಂತದ್ದು. ಕೋತಿ ಕೂಡ ಮೂಸಲ್ಲ."

ನಕ್ಕೆ, ನಿನ್ನೆಯಿಂದ ಮೊದಲ ಸಲ.
ಸಾಬರು ನಗಲಿಲ್ಲ. ಪಟ್ಟಿ ಬಿಗಿಯುತ್ತ,
"ಬಾದಾಮೀನೂ ಒಂದು ಕಾಲಕ್ಕೆ ಹಿಂಗೇ
ಯಾರದೋ ಬೇಲೀಲಿ ಎದ್ದಿದ್ದೇ ಇರಬೇಕು.
ಸಾವಿರ ಜನ ದಾಟಿ ಹೋಗಿರ್ತಾರೆ.
ಒಬ್ಬ ತಿಂದು, ಅಲ್ಲೇ ನಿಂತ ನೋಡಿ.
ಅವನ ಹೆಸರು ಯಾರಿಗೂ ಗೊತ್ತಿಲ್ಲ."

ಅವರ ಬೆನ್ನ ಹಿಂದೆ, ಇಪ್ಪತ್ತು ದಿನದ ಗಿಡಗಳು
ತಾಮ್ರದ ಬಣ್ಣದ ಎಲೆ ಬಿಚ್ಚುತ್ತಿದ್ದವು.
ಯಾರ ಎಲೆ ಎಂದು ಕೇಳದೆ
ಬೇರು ನೀರು ಕಳಿಸುತ್ತಿತ್ತು.

ಒಂದು ಗಿಡ ಕೊಂಡೆ, ನೂರಿಪ್ಪತ್ತು ರೂಪಾಯಿ.
"ಗಂಟಿನ ಕೆಳಗೆ ಚಿಗುರಿದರೆ ಚಿವುಟಿಬಿಡಿ," ಅಂದರು,
"ಅದು ಕಾಡು. ಮೇಲಿಂದನ್ನ ಬೆಳೆಯೋಕೆ ಬಿಡಲ್ಲ."

ಆರು ವರ್ಷ ಚಿವುಟಿದ್ದೇನೆ, ಕಟ್ಟುನಿಟ್ಟಾಗಿ.
ಈಗ ಮರ ಹಣ್ಣು ಕೊಡುತ್ತದೆ.
ಪಕ್ಕದ ಮನೆಯ ನಾಗವೇಣಿ ತಿಂದು ಹೊಗಳುತ್ತಾಳೆ:
"ಥೇಟ್ ಅಂಗಡೀದೇ!"

ಈ ಆಷಾಢದಲ್ಲಿ ಗಂಟಿನ ಕೆಳಗೆ ಮತ್ತೊಂದು ಚಿಗುರು.
ಉಗುರು ಇಟ್ಟೆ. ತೆಗೆದೆ.
ಒಂದು ಎಲೆ ಕಿವುಚಿ ಮೂಸಿದೆ:
ಮೇಲಿನ ಎಲೆಯ ಹಾಗಲ್ಲ, ಘಾಟು;
ಹಸಿ ಶುಂಠಿ, ಚೂರು ಸೀಮೆಎಣ್ಣೆ,
ಮತ್ತೆ, ನಾಲಿಗೆ ತುದಿಗೆ ಬಂದೂ ಬಾರದ ಇನ್ನೇನೋ.

"ಚಿವುಟಲ್ವಾ ಅದನ್ನ?" ಕಾಂಪೌಂಡಿನಾಚೆಯಿಂದ ನಾಗವೇಣಿ.
ನಾಳೆ, ಅಂದೆ.
ನಿನ್ನೆಯೂ ಹಾಗೇ ಅಂದಿದ್ದೆ.